ಸನ್‌ಬೆಡ್‌ನಿಂದ ವಿಟಮಿನ್ ಡಿ ಸಿಗುತ್ತದೆ ಎನ್ನುವ ಮಗಳಿಗೆ ಏನು ಹೇಳಲಿ?

ಪ್ರಶ್ನೆ (ತಾಯಿ, ಮ್ಯಾಂಚೆಸ್ಟರ್)

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇವೆ. ಲಿವರ್‌ಪೂಲ್‌ನಲ್ಲಿ ಓದುತ್ತಿರುವ ನನ್ನ 19 ವರ್ಷದ ಮಗಳು ಜೂನ್‌ನಲ್ಲಿ ಗೆಳತಿಯರೊಂದಿಗೆ ಸ್ಪೇನ್‌ಗೆ ಹೊರಟಿದ್ದಾಳೆ. ಅಲ್ಲಿನ ಬಿಸಿಲಿಗೆ ಮೈ ಸುಡದಿರಲೆಂದು ಮೊದಲೇ ಸ್ವಲ್ಪ ಬಣ್ಣ ಏರಿಸಿಕೊಳ್ಳಲು ಆ ಹುಡುಗಿಯರೆಲ್ಲ ಸನ್‌ಬೆಡ್ (ಮಲಗಿದವರ ಮೈಮೇಲೆ ನೇರಳಾತೀತ ಕಿರಣ ಬೀರಿ ಚರ್ಮದ ಬಣ್ಣ ಏರಿಸುವ ದೀಪದ ಹಾಸಿಗೆ) ಅಂಗಡಿಗೆ ಹೋಗುತ್ತಿದ್ದು, ಇವಳನ್ನೂ ಕರೆದಿದ್ದಾರೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿರುವುದರಿಂದ, "ಅಮ್ಮಾ, ಇದರಿಂದ ಅದೂ ಸರಿಹೋಗುತ್ತದೆ, ನಮ್ಮಂಥ ಚರ್ಮದವರಿಗೆ ಕ್ಯಾನ್ಸರ್ ಬರುವುದಿಲ್ಲ" ಎಂದು ವಾದಿಸುತ್ತಾಳೆ. ಸುಮ್ಮನೆ ಬೇಡವೆಂದರೆ ಕೇಳುವ ವಯಸ್ಸಲ್ಲ. ತಿಳಿದವರು ಕಾರಣ ಸಹಿತ ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ (ಚರ್ಮರೋಗ ವೈದ್ಯೆ, ಲೀಡ್ಸ್)

ಮೇಡಂ, ವಿಟಮಿನ್ ಡಿ ವಿಷಯವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಮ್ಮವರು ಎಡವುವುದು ಅಲ್ಲಿಯೇ. ಬಿಸಿಲಿನ ನೇರಳಾತೀತ ಕಿರಣಗಳಲ್ಲಿ ಯುವಿಎ, ಯುವಿಬಿ ಎಂಬ ಬಗೆಗಳಿವೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದು ಯುವಿಬಿ ಕಿರಣದಿಂದ. ಸನ್‌ಬೆಡ್‌ನ ದೀಪಗಳು ಹೊರಸೂಸುವುದು ಬಹುಪಾಲು ಯುವಿಎ. ಆದ್ದರಿಂದ ವಿಟಮಿನ್ ಡಿಗೆ ಸನ್‌ಬೆಡ್ ಸರಿಯಾದ ದಾರಿಯಲ್ಲ, ಮಾತ್ರೆಯೇ ಸಾಕು. ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ಮಾತ್ರೆಯನ್ನು ಚಳಿಗಾಲದಲ್ಲಿ ಎಲ್ಲರೂ, ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂಬುದು ಎನ್‌ಎಚ್‌ಎಸ್ ಸಲಹೆ. ಕೊರತೆ ಖಚಿತವಾಗಿದ್ದರೆ ಎಷ್ಟು ಬೇಕೆಂದು ನಿಮ್ಮ ಜಿಪಿ (ಕುಟುಂಬ ವೈದ್ಯರು) ಹೇಳುತ್ತಾರೆ.

ಇನ್ನು ಮೊದಲೇ ಬಣ್ಣ ಏರಿಸಿಕೊಳ್ಳುವ ಮಾತು. ನೇರಳಾತೀತ ಕಿರಣ ಬಿದ್ದು ಚರ್ಮದ ಕೋಶಗಳ ಡಿಎನ್‌ಎಗೆ ಪೆಟ್ಟಾದಾಗ, ಆ ಪೆಟ್ಟಿಗೆ ಪ್ರತಿಯಾಗಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚುತ್ತದೆ. ಆದ್ದರಿಂದ ಕನ್ನಡಿಯಲ್ಲಿ ಬಣ್ಣ ಕಾಣುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಅದರಿಂದ ದೊರೆಯುವ ರಕ್ಷಣೆಯಾದರೂ ಹೆಚ್ಚೆಂದರೆ ಎಸ್‌ಪಿಎಫ್ (ಸನ್‌ಸ್ಕ್ರೀನ್‌ನ ರಕ್ಷಣೆಯ ಅಳತೆ) 3 ಅಥವಾ 4ರಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿಯೇ ಸನ್‌ಬೆಡ್‌ಗಳನ್ನು ತಂಬಾಕು, ಆಸ್ಬೆಸ್ಟಾಸ್‌ಗಳಿರುವ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿಗೆ, ಸೇರಿಸಿತು. ಆ ಗುಂಪು ಸೂಚಿಸುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯದ ಪ್ರಮಾಣವನ್ನಲ್ಲ. ಪ್ರಮಾಣ ಕೇಳುವುದಾದರೆ, 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ತಿದ್ದಿದ ಲೆಕ್ಕದಂತೆ, 35 ವಯಸ್ಸಿಗೆ ಮೊದಲೇ ಸನ್‌ಬೆಡ್ ಬಳಸತೊಡಗಿದವರಲ್ಲಿ ಮೆಲನೋಮ (ಚರ್ಮದ ಕ್ಯಾನ್ಸರ್‌ನ ಅಪಾಯಕಾರಿ ಬಗೆ) ಸಂಭವ ಸುಮಾರು ಶೇಕಡಾ 59ರಷ್ಟು ಹೆಚ್ಚು.

ನಮ್ಮ ಬಣ್ಣದವರಿಗೆ ಮೆಲನೋಮ ಅಪರೂಪವೆಂಬುದು ನಿಜ, ಆದರೆ ಬರುವುದೇ ಇಲ್ಲವೆಂಬುದು ಸುಳ್ಳು. ಅಂಗಾಲು, ಅಂಗೈ, ಉಗುರಿನ ಕೆಳಗೆ ಬಿಸಿಲಿನ ಸಂಬಂಧವಿಲ್ಲದೆಯೂ ಅದು ಬರುತ್ತದೆ, ಯಾರೂ ಅನುಮಾನಿಸದ ಕಾರಣ ತಡವಾಗಿ ಪತ್ತೆಯಾಗುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿ 1981ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಆರಂಭವಾದ ಮೆಲನೋಮದಿಂದ. ಕಡಿಮೆ ಅಪಾಯವಿರುವುದು ದುಡ್ಡು ಕೊಟ್ಟು ಅಪಾಯವನ್ನು ಸೇರಿಸಿಕೊಳ್ಳಲು ಕಾರಣವಾಗಬಾರದು.

ಉತ್ತರ (ಮೆಲ್ಬರ್ನ್ ನಿವಾಸಿ)

ನಮ್ಮ ಊರಿನ ಕ್ಲೇರ್ ಆಲಿವರ್ ಅವರ ವಿಷಯವನ್ನು ನಿಮ್ಮ ಮಗಳಿಗೆ ಹೇಳಿ. ಸೊಲೇರಿಯಂಗೆ (ಸನ್‌ಬೆಡ್‌ಗೆ ನಮ್ಮಲ್ಲಿ ಹೇಳುವ ಹೆಸರು) ಹೋಗಿದ್ದ ಆಕೆ ಮೆಲನೋಮದಿಂದ ನರಳುತ್ತಲೇ, ಇತರ ಯುವಜನರು ಹಾಗೆ ಮಾಡಬಾರದೆಂದು ದೇಶಕ್ಕೆಲ್ಲ ಕೇಳುವಂತೆ ಹೇಳಿ, 2007ರ ಸೆಪ್ಟೆಂಬರ್‌ನಲ್ಲಿ 26ರ ಪ್ರಾಯದಲ್ಲಿ ಕಣ್ಮುಚ್ಚಿದರು. ಆ ಮೇಲೆ ಕಾನೂನು ಹಂತಹಂತವಾಗಿ ಬಿಗಿಯಾಗುತ್ತ ಬಂದು, 2015ರ ಆರಂಭದಿಂದ ನಮ್ಮ ರಾಜ್ಯವಾದ ವಿಕ್ಟೋರಿಯಾದಲ್ಲಿ ಹಣ ಪಡೆದು ಸೊಲೇರಿಯಂ ನಡೆಸುವುದೇ ನಿಷಿದ್ಧವಾಯಿತು. ಬ್ರೆಜಿಲ್ 2009ರಲ್ಲಿಯೇ ನಿಷೇಧಿಸಿತ್ತು. ನಿಮ್ಮ ಇಂಗ್ಲೆಂಡಿನಲ್ಲಿ ನಿರ್ಬಂಧವಿರುವುದು 18 ತುಂಬದವರಿಗೆ ಮಾತ್ರ. ಅಂಗಡಿ ತೆರೆದಿದೆ ಎಂದಮಾತ್ರಕ್ಕೆ ಅಪಾಯವಿಲ್ಲವೆಂದು ಮಕ್ಕಳು ತಿಳಿಯುತ್ತಾರೆ, ನನಗೆ ಸಂಕಟವಾಗುವುದು ಅದಕ್ಕೇ.

ಉತ್ತರ (ವಿದ್ಯಾರ್ಥಿನಿ, ನ್ಯೂಕಾಸಲ್)

ಆಂಟಿ, ಇದು ಬರೀ ತಿಳಿವಳಿಕೆಯ ಕೊರತೆಯಲ್ಲ. ರಜೆಗೆ ಮೈಸೂರಿಗೆ ಹೋದರೆ "ಬಿಸಿಲಿಗೆ ಮುಖವೆಲ್ಲ ಕಂದಿದೆ, ಕಡಲೆಹಿಟ್ಟು ಹಚ್ಚಿಕೋ" ಎನ್ನುತ್ತಾರೆ. ಇಲ್ಲಿ ಬೇಸಿಗೆ ಬಂತೆಂದರೆ ಗೆಳತಿಯರು ತೋಳಿಗೆ ತೋಳು ಹಿಡಿದು ಯಾರ ಬಣ್ಣ ಎಷ್ಟು ಏರಿದೆಯೆಂದು ನೋಡುತ್ತಾರೆ. ನಾನೂ ಎರಡು ವರ್ಷದ ಹಿಂದೆ ಎರಡು ಸಲ ಸನ್‌ಬೆಡ್‌ನಲ್ಲಿ ಮಲಗಿದ್ದೆ. ಬೇಕೆನಿಸಿದ್ದು ಬಣ್ಣವಲ್ಲ, ಅವರ ಜೊತೆಗಿರುವುದು. ಈಗ ಅವರು ಹೋದಾಗ ನಾನು ಪಕ್ಕದ ಕೆಫೆಯಲ್ಲಿ ಕಾಯುತ್ತೇನೆ, ಯಾರೂ ಏನೂ ಅಂದಿಲ್ಲ. ತೀರಾ ಬಣ್ಣ ಬೇಕೆಂದರೆ ಹಚ್ಚಿಕೊಳ್ಳುವ ಲೋಷನ್ ಇದೆ. ಅದು ಮೇಲಿನ ಸತ್ತ ಪದರಕ್ಕಷ್ಟೇ ಬಣ್ಣ ಕೊಟ್ಟು ಕೆಲವು ದಿನಗಳಲ್ಲಿ ಹೋಗುತ್ತದೆ, ಆದರೆ ಬಿಸಿಲಿನಿಂದ ಕಾಪಾಡುವುದಿಲ್ಲ, ಸನ್‌ಸ್ಕ್ರೀನ್ ಬೇಕೇ ಬೇಕು. ದಯವಿಟ್ಟು ಸ್ಪೇನ್ ಪ್ರವಾಸವನ್ನು ಮಾತ್ರ ತಪ್ಪಿಸಬೇಡಿ.