ಮಾತೃವಂದನಾ ಎರಡನೇ ಕಂತು ಬಂದಿಲ್ಲ, ಕಟ್ಟಡ ಕಾರ್ಮಿಕರ ಕಾರ್ಡೂ ಇದೆ: ಬಾಣಂತಿಗೆ ಏನೇನು ಸಿಗುತ್ತೆ?

ದಾಸವಾಳ:
ತಮ್ಮನ ಹೆಂಡತಿಗೆ ಚೊಚ್ಚಲ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಆಯ್ತು. ಹೆಣ್ಣು ಮಗು, ಈಗ ನಾಲ್ಕು ತಿಂಗಳು. ಬಿಪಿಎಲ್ ಕಾರ್ಡ್ ಇದೆ. ಬಸುರಿಯಾಗಿದ್ದಾಗ ಗಂಡನ ಊರಿನ ಅಂಗನವಾಡಿಯಲ್ಲಿ ಅರ್ಜಿ ಹಾಕಿದ್ದಕ್ಕೆ ಮಾತೃವಂದನಾದ (ಬಸುರಿ-ಬಾಣಂತಿಯರಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯಧನ) 3,000 ಬಂತು, ಉಳಿದ 2,000 ಬಂದಿಲ್ಲ. ಬಾಣಂತನ ತವರಲ್ಲಿ, ಮಗುವಿಗೆ ಲಸಿಕೆಯೂ ಅಲ್ಲೇ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆ’ ಅಂತಾರೆ. ಅವಳು ಗಾರೆ ಕೆಲಸಕ್ಕೆ ಹೋಗುತ್ತಿದ್ದಳು, ಅವಳ ಹೆಸರಲ್ಲೇ ಕಟ್ಟಡ ಕಾರ್ಮಿಕರ ಕಾರ್ಡ್ ಇದೆ. ಬೇರೇನಾದರೂ ಸಿಗುತ್ತಾ?

ಲೆಕ್ಕಪತ್ರ:
ಎರಡನೇ ಕಂತು ತಾನಾಗಿ ಬರಲ್ಲ. ಜನನ ನೋಂದಣಿ ಆಗಿರಬೇಕು, ಮಗುವಿಗೆ ಮೊದಲ ಸುತ್ತಿನ ಲಸಿಕೆ ಮುಗಿದಿರಬೇಕು, ಇವೆರಡರ ವಿವರ ಯೋಜನೆಯ ಪೋರ್ಟಲ್‌ಗೆ ಏರಿರಬೇಕು. ಮೊದಲ ಸುತ್ತು ಅಂದರೆ ಹುಟ್ಟಿದಾಗಿನ ಬಿಸಿಜಿಯಿಂದ ಹಿಡಿದು 6, 10, 14ನೇ ವಾರದ ಪೋಲಿಯೊ, ಪೆಂಟಾವೇಲೆಂಟ್‌ವರೆಗೆ. ನಿಮ್ಮ ಕೇಸಿನಲ್ಲಿ ಸಿಕ್ಕಿಕೊಂಡಿರುವುದು ಇಲ್ಲೇ ಅನ್ನಿಸುತ್ತೆ: ಲಸಿಕೆ ಹಾಕಿದ್ದು ಒಂದೂರು, ಅರ್ಜಿ ಇರುವುದು ಇನ್ನೊಂದೂರು. ತಾಯಿ ಕಾರ್ಡ್ (ಬಸುರಿಯಾಗಿದ್ದಾಗ ಆರೋಗ್ಯ ಇಲಾಖೆಯವರು ಕೊಟ್ಟ ಪುಸ್ತಕ) ತೆಗೆದು ಲಸಿಕೆ ಪುಟ ನೋಡಿ. 14ನೇ ವಾರದ ಸಾಲಿನಲ್ಲಿ ದಿನಾಂಕ ಬರೆದಿದೆಯಾ? ಖಾಲಿ ಇದ್ದರೆ ಲಸಿಕೆ ಹಾಕಿದ ಕಡೆಯೇ ಬರೆಸಿಕೊಳ್ಳಿ. ಆ ಪುಟದ ಜೆರಾಕ್ಸ್, ಜನನ ಪ್ರಮಾಣಪತ್ರದ ಜೆರಾಕ್ಸ್ ಎರಡನ್ನೂ ಅರ್ಜಿ ಹಾಕಿದ ಅಂಗನವಾಡಿ ಕಾರ್ಯಕರ್ತೆಗೆ ತಲುಪಿಸಿ. ಅವರ ಹಂತ ದಾಟಿಯೂ ನಿಂತಿದ್ದರೆ ಮೇಲ್ವಿಚಾರಕಿ, ಆಮೇಲೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿ.

ಇನ್ನು ಬ್ಯಾಂಕಿನವರ ಮಾತು. ಖಾತೆಯ ಕೆವೈಸಿಗೆ ಆಧಾರ್ ಕೊಟ್ಟಿರುವುದನ್ನೂ ‘ಲಿಂಕ್’ ಅಂತಲೇ ಹೇಳುತ್ತಾರೆ, ಅದು ಸಾಲದು. ಸರ್ಕಾರದ ಹಣ ಹೋಗುವುದು ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಹಣ ಪಾವತಿ ನಡೆಸುವ ಸಂಸ್ಥೆ) ಆಧಾರ್ ಜೋಡಣೆಯಾದ ಖಾತೆಗೆ, ಅದೂ ಕೊನೆಯದಾಗಿ ಯಾವುದು ಜೋಡಣೆಯಾಗಿದೆಯೋ ಅದಕ್ಕೆ. ಮೊದಲ ಕಂತು ಬಂದ ಮೇಲೆ ಬಾಣಂತಿ ಬೇರೆ ಕಡೆ ಹೊಸ ಖಾತೆ ತೆರೆದಿದ್ದರೆ ದುಡ್ಡು ಅಲ್ಲಿಗೆ ಹೋಗಿ ಕೂತಿರಬಹುದು. ಮೈಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಅಂತಿದೆ. ಯಾವ ಬ್ಯಾಂಕು, ಆಕ್ಟಿವ್ ಇದೆಯೋ ಇಲ್ಲವೋ ಎರಡೂ ಅಲ್ಲೇ ಕಾಣುತ್ತೆ.

ಕರಣೆ:
2,000ಕ್ಕಿಂತ ಮೊದಲು ಕಾರ್ಮಿಕ ಕಾರ್ಡಿನ ಕೆಲಸ ನೋಡಿ, ದಯವಿಟ್ಟು ತಡ ಮಾಡಬೇಡಿ. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತ ಮಹಿಳೆಗೆ ಮೊದಲ ಎರಡು ಮಕ್ಕಳ ಹೆರಿಗೆಗೆ ತಲಾ 50,000 ರೂ. ಇದೆ, ತಾಯಿ ಲಕ್ಷ್ಮೀ ಬಾಂಡ್ ಅಂತ. ಹೆರಿಗೆಯಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ನಿಮಗೆ ಉಳಿದಿರುವುದು ಎರಡೇ ತಿಂಗಳು. ಕಾರ್ಡ್ ಅವರ ಹೆಸರಲ್ಲೇ ಇರುವುದು ಒಳ್ಳೆಯದಾಯ್ತು, ಗಂಡನ ಕಾರ್ಡಿನ ಮೇಲೆ ಇದು ಸಿಗಲ್ಲ. ನವೀಕರಣ ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿ. ಡಿಸ್ಚಾರ್ಜ್ ಸಾರಾಂಶ, ಜನನ ಪ್ರಮಾಣಪತ್ರ, ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡ್ ಜೋಡಿಸಿಕೊಂಡು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ. ಎಲ್ಲದರಲ್ಲೂ ಅವಳ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಹೋಗುವ ಮುಂಚೆಯೇ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು ಅಂತಾದರೆ ಅರ್ಜಿ ವಾಪಸ್ ಬರುತ್ತೆ. ಇದೇ ಮಂಡಳಿಯಲ್ಲಿ ‘ತಾಯಿ ಮಗು ಸಹಾಯ ಹಸ್ತ’ವೂ ಇದೆ: ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ 6,000.

ತೊಟ್ಟಿಲು:
ಹೆರಿಗೆಯಾದ ಆಸ್ಪತ್ರೆಯಲ್ಲಿ ಜನನಿ ಸುರಕ್ಷಾ ಹಣ ಕೇಳಿದಿರಾ? ನಮ್ಮ ರಾಜ್ಯದಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ-ಪಂಗಡದ ತಾಯಂದಿರಿಗೆ ಗ್ರಾಮೀಣ 700, ನಗರ 600. ಸಣ್ಣ ಮೊತ್ತ ಅಂತ ಬಿಡಬೇಡಿ. ಮಾತೃವಂದನಾಕ್ಕೂ ಇದಕ್ಕೂ ಸಂಬಂಧವಿಲ್ಲ, ಎರಡೂ ಸಿಗುತ್ತೆ. ಮಗುವಿಗೆ ಒಂದು ವರ್ಷ ಆಗುವವರೆಗೆ ಹುಷಾರು ತಪ್ಪಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ ಎಲ್ಲ ಉಚಿತ, ಜನನಿ ಶಿಶು ಸುರಕ್ಷಾ ಅಡಿಯಲ್ಲಿ. ಹೊರಗಿಂದ ಔಷಧಿ ತನ್ನಿ ಅಂದರೆ ಈ ಹೆಸರು ಹೇಳಿ ಕೇಳಿ.

ಹೆಣ್ಣು ಮಗು ಅಂದಿರಿ. ಬಿಪಿಎಲ್ ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಭಾಗ್ಯಲಕ್ಷ್ಮಿ ಇದೆ, ಈಗ ಅದು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗುತ್ತೆ: ವರ್ಷಕ್ಕೆ 3,000ದಂತೆ 15 ವರ್ಷ. ಅರ್ಜಿ ಅಂಗನವಾಡಿಯಲ್ಲೇ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಇಲ್ಲದಿದ್ದರೆ ಈಗಲೇ ಸೇರಿಸಿ. ನೋಂದಣಿಯಾದ 12 ತಿಂಗಳೊಳಗಾದರೆ ಶುಲ್ಕವಿಲ್ಲ.

ದಾಸವಾಳ:
ತುಂಬಾ ಉಪಕಾರ ಆಯ್ತು. 14ನೇ ವಾರದ ಸಾಲು ಖಾಲಿ ಇದೆ, ಲಸಿಕೆ ಮಾತ್ರ ಹಾಕಿಸಿದ್ದಾರೆ. ಸೋಮವಾರ ಕಾರ್ಮಿಕ ಕಚೇರಿಗೆ ಹೋಗ್ತೇವೆ. ಇನ್ನೊಂದು: ಎರಡನೇ ಮಗುವಿಗೂ ಮಾತೃವಂದನಾ ಇದೆಯಾ?

ಲೆಕ್ಕಪತ್ರ:
ಎರಡನೆಯದು ಹೆಣ್ಣಾದರೆ ಮಾತ್ರ. 6,000 ಒಂದೇ ಕಂತು, ಹೆರಿಗೆ ಆದ ಮೇಲೆ. ಅವಳಿ ಹುಟ್ಟಿ ಒಂದು ಹೆಣ್ಣಾಗಿದ್ದರೂ ಸಿಗುತ್ತೆ. ಹುಟ್ಟಿದ 270 ದಿನದೊಳಗೆ ಅರ್ಜಿ ಹಾಕಬೇಕು, ಆದರೆ ಬಸುರಿಯಾಗಿದ್ದಾಗಲೇ ಹೆಸರು ಬರೆಸಿ ತಾಯಿ ಕಾರ್ಡ್ ಮಾಡಿಸಿಕೊಂಡಿರಬೇಕು.