ನೀರು ತುಂಬಿಸಿ ಪಾಲಿಪ್ ತೆಗೀತಾರಂತೆ, ಅಪ್ಪ ತುಂಬಾ ಹೆದರಿದಾರೆ

ಪ್ರಶ್ನೆ:
ಅಪ್ಪಂಗೆ 61 ವರ್ಷ. ಮಲದಲ್ಲಿ ರಕ್ತ ಕಾಣಿಸ್ತು ಅಂತ ಕೊಲೊನೊಸ್ಕೋಪಿ (ಕ್ಯಾಮೆರಾ ಇರೋ ಕೊಳವೆ ಬಿಟ್ಟು ದೊಡ್ಡ ಕರುಳು ನೋಡೋದು) ಮಾಡಿಸಿದ್ವಿ, ದೊಡ್ಡ ಕರುಳಲ್ಲಿ 8 ಮಿ.ಮೀ. ಚಪ್ಪಟೆ ಪಾಲಿಪ್, ಅಂದ್ರೆ ಒಳಪದರದ ಮೇಲೆ ಬೆಳೆದ ಗಂಟು ಇದೆ ಅಂದ್ರು. ಹಾರ್ಟ್‌ಗೆ ಬ್ಲಡ್ ಥಿನ್ನರ್ ತಗೋತಾರೆ ಅಂತ ಅವತ್ತು ತೆಗೀಲಿಲ್ಲ, ಮುಂದಿನ ವಾರ ಬನ್ನಿ, ನೀರು ತುಂಬಿಸಿ ನೀರೊಳಗೇ ಕತ್ತರಿಸ್ತೀವಿ ಅಂದಿದಾರೆ. "ನೀರು ತುಂಬಿದ್ರೆ ಕರುಳು ಒಡೆಯಲ್ವೇನಮ್ಮಾ" ಅಂತ ಅಪ್ಪ ನಿನ್ನೆ ರಾತ್ರಿ ಎದ್ದು ಕೂತು ಕೇಳಿದ್ರು, ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ಗೊತ್ತಿರೋರು ಹೇಳಿ ಪ್ಲೀಸ್.

ಉತ್ತರ 1:
ನಾನು ಎಂಡೋಸ್ಕೋಪಿ ರೂಮಲ್ಲಿ ನರ್ಸ್. ಒಡೆಯಲ್ಲ ಅಂತ ಧೈರ್ಯ ಹೇಳಿ ಮೇಡಂ. ಮಾಮೂಲಿಯಾಗಿ ಗಾಳಿ ಊದಿ ಕರುಳನ್ನ ಬಲೂನ್ ಥರ ಉಬ್ಬಿಸ್ತಾರೆ, ಆಗ ಗೋಡೆ ಬಿಗಿದು ತೆಳ್ಳಗಾಗುತ್ತೆ, ಚಪ್ಪಟೆ ಪಾಲಿಪ್ ಇನ್ನೂ ಚಪ್ಪಟೆಯಾಗಿಬಿಡುತ್ತೆ. ಇದ್ರಲ್ಲಿ ಆ ಗಾಳಿ ಹೀರ್ಕೊಂಡು ಆ ಜಾಗ ಮುಳುಗೋ ಅಷ್ಟು ಮಾತ್ರ ನೀರು ಬಿಡೋದು. ಬಕೆಟ್ಟಲ್ಲಿ ನೆನೆಹಾಕಿದ ಪಂಚೆ ಮೇಲಕ್ಕೆ ಉಬ್ಬಿ ನಿಲ್ಲುತ್ತಲ್ಲ, ಹಾಗೆ ಒಳಪದರ ಪಾಲಿಪ್ ಸಮೇತ ಮೇಲೆದ್ದು ತೇಲುತ್ತೆ, ಹೊರಗಿನ ಸ್ನಾಯು ಪದರ ಇದ್ದಲ್ಲೇ ಇರುತ್ತೆ. ತಂತಿ ಕುಣಿಕೆ ಹಾಕಿ ಸುತ್ತ ಸ್ವಲ್ಪ ಒಳ್ಳೆ ಪದರನೂ ಸೇರಿಸಿ ನಿಧಾನಕ್ಕೆ ಬಿಗೀತಾರೆ, ಪಾಲಿಪ್ ಕೆಳಗಡೆ ಸೂಜಿ ಚುಚ್ಚಿ ಸಲೈನ್ ತುಂಬಿಸೋದೂ ಬೇಕಿಲ್ಲ. ಆಮೇಲೆ ನೀರು ವಾಪಸ್ ಹೀರಿಬಿಡ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಡಾ. ಬಿನ್‌ಮೊಲರ್ ತಂಡ 2012ರಲ್ಲೇ ಇದನ್ನ ಪ್ರಕಟಿಸಿದ್ದು, ಅಪ್ಪನ ಮೇಲೆ ಹೊಸ ಪ್ರಯೋಗ ಏನಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಗ್ಯಾಸ್ಟ್ರೋ ವಿಭಾಗದಲ್ಲಿ ಓದ್ತಿರೋನಾಗಿ ಒಂದೆರಡು ಸೇರಿಸ್ತೀನಿ. 10 ಮಿ.ಮೀ. ಒಳಗಿನವಕ್ಕೆ ಸಾಮಾನ್ಯವಾಗಿ ಕೋಲ್ಡ್ ಸ್ನೇರ್ ಸಾಕು, ಅಂದ್ರೆ ಕರೆಂಟ್ ಇಲ್ಲದೆ ಬರೀ ಕುಣಿಕೆಯಿಂದ ಕತ್ತರಿಸೋದು. ನೀರಿನ ವಿಧಾನದ ಲಾಭ ಚೆನ್ನಾಗಿ ಕಂಡಿದ್ದು 10ರಿಂದ 20 ಮಿ.ಮೀ. ಪಾಲಿಪ್‌ಗಳಲ್ಲಿ, 2019ರಲ್ಲಿ ಬಂದ ಜಪಾನಿನ ಅಧ್ಯಯನದಲ್ಲಿ ಒಂದೇ ತುಂಡಾಗಿ ಬಂದಿದ್ದು ಇದ್ರಲ್ಲಿ 89%, ಸಲೈನ್ ಚುಚ್ಚಿ ತೆಗೆದಿದ್ರಲ್ಲಿ 75%. ಹಾಗಾಗಿ ಅಪ್ಪಂಗೆ ನೀರು ಯಾಕೆ, ಕರೆಂಟ್ ಬಳಸ್ತೀರಾ ಅಂತ ಡಾಕ್ಟರ್ ಹತ್ರ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ಬ್ಲಡ್ ಥಿನ್ನರ್ ಮಾತ್ರ ನೀವಾಗಿ ನಿಲ್ಲಿಸ್ಬೇಡಿ, ಹಾರ್ಟ್ ಡಾಕ್ಟರೂ ಇವರೂ ಮಾತಾಡಿ ಹೇಳ್ಲಿ. ಇಷ್ಟು ಸಣ್ಣ ಪಾಲಿಪ್ಪಿಂದ ಕಣ್ಣಿಗೆ ಕಾಣೋ ಅಷ್ಟು ರಕ್ತ ಹೋಗೋದು ಅಪರೂಪ, ಪೈಲ್ಸ್ ಇದೆಯಾ ಅಂತಾನೂ ಕೇಳಿ.

ಉತ್ತರ 3:
ನಮ್ಮವ್ವಗ ಹೋದ ವರ್ಷ ಹುಬ್ಬಳ್ಳ್ಯಾಗ ಹಿಂಗ ನೀರಾಗ ತಗದಾರ್ರಿ ಅಕ್ಕಾರ. ತಗಿಯೂದು ಗೊತ್ತಽ ಆಗಲಿಲ್ಲ ಅಕಿಗೆ, ತ್ರಾಸ ಆಗಿದ್ದು ಹಿಂದಿನ ದಿನದ ಜುಲಾಬಿನ ಔಷಧದ್ದು, ರಾತ್ರಿಯೆಲ್ಲಾ ಸಂಡಾಸಕ್ಕ ಅಡ್ಡ್ಯಾಡಿದ್ಲು. ಅದನ್ನ ಪೂರಾ ಕುಡಿಸ್ರಿ, ಹೊಟ್ಟಿ ಸ್ವಚ್ಛ ಇಲ್ಲಂದ್ರ ನೀರು ರಾಡಿ ಆಗಿ ಏನೂ ಕಾಣಂಗಿಲ್ಲಂತ. ಬಯಾಪ್ಸಿ ರಿಪೋರ್ಟ್ ಇಸ್ಕೊಳ್ಳೂದು ಮರೀಬ್ಯಾಡ್ರಿ, ಮುಂದ ಯಾವಾಗ ಮತ್ತ ನೋಡಬೇಕು ಅನ್ನೂದು ಅದರ ಮ್ಯಾಲೇ ಐತಿ.