ಕೇಸ್ ಏರಿಳಿತಕ್ಕೂ ಸರ್ಕಾರದ ನಿಯಮಕ್ಕೂ ನಿಜವಾಗಿ ಸಂಬಂಧ ಇದೆಯಾ?

ಪ್ರಶ್ನೆ:
ಕೊರೊನಾ ಕಾಲದ ಗ್ರಾಫ್‌ಗಳನ್ನು ಮತ್ತೆ ನೋಡುತ್ತಾ ಕೂತಿದ್ದೆ. 2020ರ ಬೇಸಿಗೆಯಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೇಸ್ ಏರಿತು, ಚಳಿ ಶುರುವಾಗುವ ಹೊತ್ತಿಗೆ ಉತ್ತರದ ಡಕೋಟಾ ಕಡೆ ಏರಿತು. ಬಿಗಿ ನಿಯಮ ಇದ್ದ ಕ್ಯಾಲಿಫೋರ್ನಿಯಾವನ್ನೂ ಆ ಚಳಿಗಾಲದ ಅಲೆ ಬಿಡಲಿಲ್ಲ. ಹಾಗಾದರೆ ಲಾಕ್‌ಡೌನ್, ಮಾಸ್ಕ್ ಎಲ್ಲಾ ಸುಮ್ನೆನಾ? ನನ್ನ ಗೆಳೆಯ ಹೌದು, ಎಲ್ಲಾ ಹವಾಮಾನದ ಆಟ ಅಂತಾನೆ. ನನಗ್ಯಾಕೋ ಒಪ್ಪೋಕೆ ಆಗುತ್ತಿಲ್ಲ.

ಉತ್ತರ 1:
ಮೊದಲು ದಿನಗಳ ಲೆಕ್ಕ ನೋಡಿ. ಸೋಮವಾರ ಸೋಂಕು ತಗುಲಿದವನಿಗೆ ಮೈ ಬಿಸಿಯಾಗುವುದು ಶುಕ್ರವಾರವೋ ಶನಿವಾರವೋ. ಮಾಮೂಲಿ ನೆಗಡಿ ಇರಬೇಕು ಅಂತ ಎರಡು ದಿನ ಮಲಗುತ್ತಾನೆ, ಆಮೇಲೆ ಟೆಸ್ಟ್, ಆಮೇಲೆ ರಿಪೋರ್ಟ್‌ಗೆ ಕಾಯುವುದು, ಅವನು ಗ್ರಾಫ್‌ಗೆ ಬರುವಷ್ಟರಲ್ಲಿ ಹತ್ತು ದಿನ ಕಳೆದಿರುತ್ತೆ. ಅಂದರೆ ಇವತ್ತು ನಿಯಮ ತಂದರೂ ಇನ್ನೊಂದು ವಾರ, ಹತ್ತು ದಿನ ಕೇಸ್ ಏರುತ್ತಲೇ ಇರುತ್ತೆ. ಅಷ್ಟರಲ್ಲೇ ಜನ ತೀರ್ಪು ಕೊಟ್ಟಾಗಿರುತ್ತೆ! ಇನ್ನೊಂದು ವಿಷಯ, ಕೇಸ್ ಜಾಸ್ತಿಯಾದ ಕಡೆಯೇ ನಿಯಮ ಬಿಗಿ ಮಾಡೋದು. ಎರಡೂ ಒಟ್ಟಿಗೆ ಕಂಡರೆ ಯಾವುದು ಯಾವುದಕ್ಕೆ ಕಾರಣ ಅಂತ ಗ್ರಾಫ್ ಹೇಳಲ್ಲ.

ಉತ್ತರ 2:
ಹಳೇ ಉದಾಹರಣೆ ತಗೊಳ್ಳಿ. 1918ರ ಫ್ಲೂ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಗಲೇ ಕಾಯಿಲೆ ಕಾಣಿಸಿಕೊಂಡಿತ್ತು, ಆದರೂ ಸೆಪ್ಟೆಂಬರ್ 28ಕ್ಕೆ ಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತುವ ಬಾಂಡ್ ಮಾರೋಕೆ ಮೆರವಣಿಗೆ ಮಾಡಿದರು. ಸುಮಾರು 2 ಲಕ್ಷ ಜನ. ಸೇಂಟ್ ಲೂಯಿಸ್‌ನಲ್ಲಿ ಊರಿನವರಲ್ಲಿ ಮೊದಲ ಕೇಸ್ ಬಂದ ಎರಡೇ ದಿನಕ್ಕೆ ಶಾಲೆ, ಥಿಯೇಟರ್ ಎಲ್ಲ ಮುಚ್ಚಿದರು. ಅತಿ ಕೆಟ್ಟ ವಾರದ ಸಾವಿನ ಪ್ರಮಾಣ ಅಲ್ಲಿ ಫಿಲಡೆಲ್ಫಿಯಾದ ಎಂಟನೇ ಒಂದು ಭಾಗದಷ್ಟು. ಆದರೆ ನವೆಂಬರ್‌ನಲ್ಲಿ ನಿಯಮ ಸಡಿಲಿಸಿದ ಮೇಲೆ ಅಲ್ಲೂ ಮತ್ತೆ ಏರಿತು. ಅಲೆ ತಪ್ಪಲಿಲ್ಲ, ಆಸ್ಪತ್ರೆ ಮೇಲೆ ಒಂದೇ ಸಲ ಬೀಳಲಿಲ್ಲ ಅಷ್ಟೇ.

ಉತ್ತರ 3:
ಸರ್ಕಾರಕ್ಕೆ ಪೂರ್ತಿ ಮಾರ್ಕ್ಸ್ ಕೊಡಬೇಡಿ ಸ್ವಾಮಿ. ಎಷ್ಟೋ ಕಡೆ ಆದೇಶ ಬರುವ ಮೊದಲೇ ಜನ ಹೆದರಿ ಮನೇಲಿ ಕೂತಿದ್ದರು, ಮೊಬೈಲ್ ಲೊಕೇಶನ್ ಡೇಟಾದಲ್ಲಿ ಅದು ಕಾಣುತ್ತೆ. ಅಮೆರಿಕದ ದಕ್ಷಿಣದಲ್ಲಿ ಬೇಸಿಗೆ ಅಂದರೆ ಕಿಟಕಿ ಮುಚ್ಚಿ ಏಸಿ ಹಾಕಿಕೊಂಡು ಕೂರುವ ಕಾಲ, ಮುಚ್ಚಿದ ಕೋಣೆಯಲ್ಲಿ ಸೋಂಕು ಸುಲಭವಾಗಿ ಹರಡುತ್ತೆ. ಇನ್ನು ಬಿಗಿ ಲಾಕ್‌ಡೌನ್ ಮಾಡದ ಸ್ವೀಡನ್. 2020ರಲ್ಲಿ ನಾರ್ವೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಾವು, ನಿಜ. ಆದರೆ 2022ರ ಕೊನೆವರೆಗಿನ ಒಟ್ಟು ಹೆಚ್ಚುವರಿ ಸಾವು (ಮಾಮೂಲಿ ವರ್ಷಗಳಲ್ಲಿ ಆಗುವುದಕ್ಕಿಂತ ಜಾಸ್ತಿ ಆದ ಸಾವು) ಲೆಕ್ಕ ಹಾಕಿದರೆ ಯುರೋಪಿನಲ್ಲೇ ಕಡಿಮೆ ಇರುವ ದೇಶಗಳ ಸಾಲಿನಲ್ಲಿದೆ. ಒಂದು ವರ್ಷ ಮಾತ್ರ ನೋಡಿ ಗೆದ್ದವರು ಯಾರು ಅನ್ನೋದು ಸರಿಯಲ್ಲ, ಅಲ್ವಾ?

ಉತ್ತರ 1 ಬರೆದವರಿಂದ ಮತ್ತೆ:
ಒಪ್ಪಿದೆ, ಆದರೆ ಹವಾಮಾನವೇ ಎಲ್ಲಾ ಅನ್ನೋ ನಿಮ್ಮ ಗೆಳೆಯನಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್ ತೋರಿಸಿ. 2020ರ ಜುಲೈನಿಂದ 112 ದಿನ ಲಾಕ್‌ಡೌನ್. ದಿನಕ್ಕೆ 700ರ ಹತ್ತಿರ ಹೋಗಿದ್ದ ಹೊಸ ಕೇಸ್ ಅಕ್ಟೋಬರ್ 26ಕ್ಕೆ ಸೊನ್ನೆ. ಲಸಿಕೆ ಇನ್ನೂ ಬಂದಿರಲಿಲ್ಲ.

ಉತ್ತರ 3 ಬರೆದವರಿಂದ:
ಅಕ್ಟೋಬರ್ ಅಂದರೆ ಅಲ್ಲಿ ವಸಂತಕಾಲ.

ಪ್ರಶ್ನೆ ಕೇಳಿದವರಿಂದ:
ಈಗಷ್ಟೇ ಗ್ರಾಫ್ ತೆಗೆದು ನೋಡಿದೆ. ಇಳಿಯೋಕೆ ಶುರುವಾಗಿದ್ದು ಆಗಸ್ಟ್‌ನಲ್ಲಿ, ಆಗ ಅಲ್ಲಿ ಇನ್ನೂ ಚಳಿಗಾಲ. ಗೆಳೆಯನಿಗೆ ಕಳಿಸಿದ್ದೇನೆ, ನೋಡಿದ್ದಾನೆ, ಉತ್ತರ ಮಾತ್ರ ಇಲ್ಲ.